ಲೋಟದ ನೀರಿಗೆ ಬಿದ್ದ ಎರೆ ಹೆಂಟೆ

ರೋಣ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮಣ್ಣಿನ ಪಾಠವನ್ನು ನಾನು ಬಹಳ ವರ್ಷ ಕರಿಹಲಗೆಯ ಮೇಲೆಯೇ ಮುಗಿಸಿದ್ದೆ. ಕೇಳುವ ಮಕ್ಕಳೋ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದಲ್ಲೇ ಬೆಳೆದವರು. ಈ ವರ್ಷ ಕಡಲೆ ಕಿತ್ತ ಮೇಲೆ, ಹೊಲದ ನಡುವಿನದೊಂದು, ಬದುವಿನ ಬೇವಿನ ಮರದ ಬುಡದ್ದೊಂದು, ಹೀಗೆ ಎರಡೆರಡು ಹೆಂಟೆ ತರಲು ಒಂಬತ್ತನೆಯ ತರಗತಿಯವರಿಗೆ ಹೇಳಿದೆ.

ನೆರಳಲ್ಲಿ ಒಣಗಿಸಿದ ಹೆಂಟೆಗಳನ್ನು ಚಹಾ ಸೋಸುವ ಜಾಳಿಗೆಯ ಮೇಲಿಟ್ಟು ಲೋಟದ ನೀರಿಗೆ ಇಳಿಸಿದೆವು. ಹೊಲದ ಹೆಂಟೆಯಿಂದ ಗುಳ್ಳೆಗಳೆದ್ದು, ಅಂಚು ಸಡಿಲಾಗಿ, ನೋಡನೋಡುತ್ತ ಅದು ಅಂಬಲಿಯಂತೆ ತಳಕ್ಕೆ ಕುಸಿಯಿತು. ಎರೆಯ ಜೇಡಿ ನೀರು ಕುಡಿದು ಉಬ್ಬುವುದರಿಂದ ಬದುವಿನ ಹೆಂಟೆಯೂ ಸ್ವಲ್ಪ ಉದುರಿತು. ಆದರೆ ಉಳುಮೆ ಕಾಣದ ಆ ಮಣ್ಣಿನ ಕಣಗಳನ್ನು ಬೇರು, ಶಿಲೀಂಧ್ರದ ಎಳೆ ಮತ್ತು ಕೊಳೆತ ಎಲೆಯ ಅಂಟು ಹಿಡಿದಿಟ್ಟಿದ್ದರಿಂದ ಅದರ ಬಹುಭಾಗ ಹಾಗೆಯೇ ನಿಂತಿತು. ಒಬ್ಬ ಹುಡುಗಿ ತಂದ ಹೊಲದ ಹೆಂಟೆಯೂ ಹೆಚ್ಚು ಹೊತ್ತು ತಾಳಿದ್ದು ಎಲ್ಲರಿಗೂ ಸೋಜಿಗವಾಯಿತು. ಅವರ ಹೊಲದಲ್ಲಿ ಪ್ರತಿವರ್ಷ ಕುರಿ ತರುಬಿಸುತ್ತಾರಂತೆ.

ಮರುವಾರ ಅವಳ ಅಜ್ಜನನ್ನೇ ತರಗತಿಗೆ ಕರೆದೆ. ಕುರಿಗಾರರಿಗೆ ಜೋಳ ಕೊಟ್ಟು ರಾತ್ರಿ ಹಿಂಡನ್ನು ಹೊಲದಲ್ಲೇ ನಿಲ್ಲಿಸಿಕೊಳ್ಳುವುದು, ಹಿಕ್ಕೆಯಷ್ಟೇ ಅಲ್ಲದೆ ಗಂಜಳವೂ ಅಲ್ಲಿಯೇ ಇಂಗುವುದು, ದಿನವೂ ಹಿಂಡಿನ ಜಾಗ ಬದಲಿಸುವುದು, ಇವನ್ನೆಲ್ಲ ಹೇಳಿದ ಅವರು ಕುಂಟೆಯ ಮಾತಿಗೆ ಬಂದರು: "ಹೊಲ ಬಾಯಿ ಬಿಡೂದರೊಳಗ ಹರಗಬೇಕ್ರಿ ಮಾಸ್ತರ, ಇಲ್ಲಂದ್ರ ಹಸಿ ಹೋಗತೈತಿ." ಅದನ್ನು ಪರೀಕ್ಷಿಸಲು ಎರಡು ಡಬ್ಬಿಗಳಲ್ಲಿ ಒಂದೇ ತೂಕದ ಹಸಿ ಎರೆ ತುಂಬಿ, ಒಂದರ ಮೇಲ್ಮಣ್ಣನ್ನು ಮಾತ್ರ ಕೆದಕಿ, ದಿನವೂ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಕೆದಕದ ಡಬ್ಬಿ ಬಿರಿದು ಬೇಗ ಹಗುರಾಯಿತು. ಪುಡಿಯಾದ ಮೇಲ್ಪದರವು ಬಿರುಕುಗಳನ್ನು ಮುಚ್ಚಿ, ಕೆಳಗಿನ ತೇವ ಮೇಲೇರುವ ದಾರಿಯನ್ನು ಕಡಿಯುತ್ತದೆ ಎಂಬ ವಿವರಣೆಯನ್ನು ನಾನು ಆಮೇಲೆ ಸೇರಿಸಿದೆ; ಅಜ್ಜನ ಮಾತು ಮೊದಲು, ಪುಸ್ತಕದ ಪದ ನಂತರ ಎಂಬ ಈ ಕ್ರಮವೇ ಸರಿ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯನ್ನೂ ಓದಿದೆವು. ಅದರಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ಸತು ಸೇರಿ 12 ಅಂಶಗಳಿವೆ. ಅದು ಬೇಕು, ಆದರೆ ಹೆಂಟೆ ನೀರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಅದು ಹೇಳುವುದಿಲ್ಲ.

ಎಲ್ಲರಿಗಿಂತ ಬೇಗ ಹೆಂಟೆ ಕರಗಿದ್ದ ಹುಡುಗ ತಮ್ಮ ಹೊಲ ಸುಧಾರಿಸುತ್ತದೆಯೇ ಎಂದು ಕೇಳಿದ. ಒಂದು ವರ್ಷದಲ್ಲಿ ಆಗದು ಎಂದೆ. ಅವನು ತಂದೆಯನ್ನು ಒಪ್ಪಿಸಿ, ಹೊಲದ ಒಂದು ಮೂಲೆಗೆ ಎರಡು ಚಕ್ಕಡಿ ತಿಪ್ಪೆಗೊಬ್ಬರ ಹಾಕಿಸಿ, ಗುರುತಿಗೆ ನಾಲ್ಕು ಕಲ್ಲು ನೆಟ್ಟಿದ್ದಾನೆ.