ಏಪ್ರಿಲ್ ಚೆಕ್ಕು

ನನ್ನ ತಮ್ಮ ದುಬೈನಿಂದ ರಜೆಗೆ ಬಂದಿದ್ದಾನೆ. ನಿನ್ನೆ ರಾತ್ರಿ ನಮ್ಮ ಧಾರವಾಡದ ಮನೆಯಲ್ಲಿ ಕೂತು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಖರ್ಚು ಬರೀತಿದ್ದ. ಅಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ನಿಜ. ಆದರೆ ವರ್ಷದ ಬಾಡಿಗೆಗೆ 4 ಚೆಕ್ ಮೊದಲೇ ಬರೆದು ಕೊಟ್ಟಿದ್ದಾನೆ. ಅದರಲ್ಲೊಂದು ಏಪ್ರಿಲ್‌ದು. ಮಕ್ಕಳ ಸಿಬಿಎಸ್‌ಇ ಶಾಲೆ ಶುರುವಾಗೋದೂ ಏಪ್ರಿಲ್‌ನಲ್ಲೇ. ಇಬ್ಬರ ಫೀಸು, ಬಸ್ಸು, ಯೂನಿಫಾರ್ಮು ಎಲ್ಲ ಒಟ್ಟಿಗೆ! ಶಾಲೆಗೆ ರಜೆ ಬಿದ್ದ ಕೂಡಲೇ ವಿಮಾನದ ಟಿಕೆಟ್ಟೂ ಜಾಸ್ತಿ, ಅದೂ 4 ಟಿಕೆಟ್ಟು.

"ಅಷ್ಟ್ ಪಗಾರ ಬಂದ್ರೂ ಉಳಿಯೂದಿಲ್ಲೇನೋ?" ಅಂದಳು ಅವ್ವ. ಅವನು ಸುಮ್ನೆ ಪೆನ್ನಿನ ತುದಿ ಕಚ್ಚಿದ.

ಪ್ರತಿ ಸಲ ಅವನು ಅಲ್ಲಿಂದ ಹೊರಡೋ ಮೊದಲು ನಾವೂ ಒಂದು ಪಟ್ಟಿ ಕಳಿಸ್ತಿದ್ದೆವು ಅಲ್ವಾ, ಫೋನು, ಸೆಂಟು, ಬಾದಾಮಿ ಅಂತ. ನೆನೆಸಿಕೊಂಡರೆ ನಾಚಿಕೆ.

ಅವ್ವ ಎದ್ದು ಶೇಂಗಾ ಚಟ್ನಿಪುಡಿಯ ಇನ್ನೊಂದು ಡಬ್ಬಿ ಕಟ್ಟಿದಳು. "ಇದಕ್ಕೇನ್ ಚೆಕ್ ಬ್ಯಾಡ ತಗೋ."