ಮೋಡೆಮ್ ಪ್ರಾಜೆಕ್ಟ್, ಮೂರನೇ ವಾರ: 2,048 ಬೈಟ್‌ಗೆ ನಿಲ್ಲುತ್ತಿದ್ದ ಫೈಲ್

ಕೊನೆಗೂ ಫೈಲ್ ಪೂರ್ತಿ ಬಂತು!

ಮೊದಲ ಸಲ ಓದುತ್ತಿರುವವರಿಗೆ: ಅಪ್ಪನ ಹಳೆಯ 486 ಕಂಪ್ಯೂಟರಿನಲ್ಲಿ, ವಿಂಡೋಸ್ 95ರ ಮೇಲೆ, ಅವರು ಟೈಪ್ ಮಾಡಿಟ್ಟ ತಾಳಮದ್ದಳೆ ಟಿಪ್ಪಣಿಗಳಿವೆ. ಫ್ಲಾಪಿ ಡ್ರೈವ್ ಕೆಟ್ಟಿದೆ, ಯುಎಸ್‌ಬಿ ಇಲ್ಲ. ನಲ್ ಮೋಡೆಮ್ ಕೇಬಲ್ (ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸುವ ವೈರು) ಹಾಕಿದರೆ ಬೇಗ ಮುಗಿಯುತ್ತದೆ, ಗೊತ್ತು. ಆದರೆ ಅಪ್ಪ ಬಳಸುತ್ತಿದ್ದ 33.6 ಕೆಬಿಪಿಎಸ್ ಮೋಡೆಮ್ (ಫೋನ್ ಲೈನ್‌ನಲ್ಲಿ ಡೇಟಾ ಕಳಿಸುವ ಸಾಧನ) ಇನ್ನೂ ಕೆಲಸ ಮಾಡುತ್ತಿದೆ, ಅದರ ಮೂಲಕವೇ ತರಬೇಕು ಅಂತ ನನಗೆ ಆಸೆ. ಲ್ಯಾಪ್‌ಟಾಪ್ ಕಡೆ ಇನ್ನೊಂದು ಮೋಡೆಮ್, ಎರಡರ ನಡುವೆ ಬರೀ ಫೋನ್ ವೈರು. ಡಯಲ್ ಟೋನ್ ಇಲ್ಲವಲ್ಲ, ಹಾಗಾಗಿ ಮೋಡೆಮ್‌ಗೆ ಒಂದು ಕಡೆ ಎಟಿಎಕ್ಸ್1ಡಿ ಆಜ್ಞೆ ('ಟೋನ್‌ಗೆ ಕಾಯದೆ ಕರೆ ಮಾಡು'), ಇನ್ನೊಂದು ಕಡೆ ಎಟಿಎ ('ಕರೆ ಎತ್ತು'). ಆ ಕೀಂ-ಕರ್ರ್ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು.

ಲೈನ್ ಸಿಕ್ಕಿತು, ಫೈಲ್ ಮಾತ್ರ ಹೋಗಲಿಲ್ಲ. ಸುಲಭದ್ದರಿಂದ ಶುರು ಮಾಡೋಣ ಅಂತ ಎಕ್ಸ್‌ಮೋಡೆಮ್ (ಫೈಲನ್ನು ಬ್ಲಾಕ್ ಬ್ಲಾಕ್ ಆಗಿ ಕಳಿಸುವ ವಿಧಾನ) ಹಾಕಿದ್ದೆ, 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಬರೆದದ್ದು. ಚಿಕ್ಕ ಟೆಕ್ಸ್ಟ್ ಫೈಲ್ ಸಲೀಸಾಗಿ ಹೋಯಿತು. ಸ್ವಲ್ಪ ದೊಡ್ಡದಾದರೆ ಪ್ರತಿ ಸಲ 2,048 ಬೈಟ್‌ಗೇ ನಿಲ್ಲುತ್ತಿತ್ತು. ಜಿಪ್ ಆದರೆ ಮೊದಲ ಒಂದೆರಡು ಬ್ಲಾಕ್‌ನಲ್ಲೇ ಸುಸ್ತು. ವೈರು ಬದಲಾಯಿಸಿದೆ, ವೇಗ ಇಳಿಸಿದೆ, ಏನೂ ಆಗಲಿಲ್ಲ. ಲೈನ್‌ನಲ್ಲಿ ಗದ್ದಲ ಇದ್ದರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲಬೇಕಿತ್ತು, ಅಲ್ವಾ?

ಆಮೇಲೆ ಪೇಪರ್ ಮೇಲೆ ಲೆಕ್ಕ ಹಾಕಿದೆ. ಒಂದು ಬ್ಲಾಕ್ 128 ಬೈಟ್, 2,048 ಅಂದರೆ 16 ಬ್ಲಾಕ್. ಅಂದರೆ ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು 17ನೆಯದು. ಎಕ್ಸ್‌ಮೋಡೆಮ್ ಪ್ರತಿ ಬ್ಲಾಕ್‌ನ ಮುಂದೆ ಅದರ ನಂಬರನ್ನು ಹಾಗೇ ಒಂದು ಬೈಟ್ ಆಗಿ ಕಳಿಸುತ್ತದೆ, ಮತ್ತು 17 ಅಂದರೆ ಎಕ್ಸ್‌ಆನ್! 'ಕಳಿಸು' ಅಂತ ಮೋಡೆಮ್‌ಗೆ ಹೇಳುವ ಗುರುತು ಅದು, 19 ಎಕ್ಸ್‌ಆಫ್, 'ನಿಲ್ಲು'. ಎಟಿ&ವಿ (ಸೆಟ್ಟಿಂಗ್ ತೋರಿಸುವ ಆಜ್ಞೆ) ಕೊಟ್ಟು ನೋಡಿದರೆ ಅಪ್ಪನ ಮೋಡೆಮ್‌ನಲ್ಲಿ &ಕೆ4 ಅಂತ ಸೇವ್ ಆಗಿತ್ತು, ಅಂದರೆ ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್: 'ನಿಲ್ಲು', 'ಕಳಿಸು' ಅನ್ನುವ ಈ ಗುರುತುಗಳು ಡೇಟಾದ ಜೊತೆಗೇ ಹೋಗುತ್ತವೆ. 17 ಬಂದ ತಕ್ಷಣ ಅದು ತನಗೇ ಹೇಳಿದ್ದು ಅಂದುಕೊಂಡು ಮೋಡೆಮ್ ನುಂಗಿಬಿಡುತ್ತಿತ್ತು. ಆಚೆ ಕಡೆ ಒಂದು ಬೈಟ್ ಕಡಿಮೆ. ಮತ್ತೆ ಕೇಳುತ್ತದೆ, ಮತ್ತೆ ನುಂಗುತ್ತದೆ. ಜಿಪ್ ಒಳಗೆ ಈ ಎರಡು ಬೈಟ್ ಎಲ್ಲಿ ಬೇಕಾದರೂ ಬರಬಹುದು, ಅದಕ್ಕೇ ಅಷ್ಟು ಬೇಗ ಸಾಯುತ್ತಿತ್ತು.

ಎಟಿ&ಕೆ3, ಅಂದರೆ ಆರ್‌ಟಿಎಸ್/ಸಿಟಿಎಸ್: 'ನಿಲ್ಲು', 'ಕಳಿಸು' ಹೇಳಲು ಬೇರೆಯೇ ತಂತಿಗಳು. ಆಮೇಲೆ ಎಟಿ&ಡಬ್ಲ್ಯೂ ಕೊಟ್ಟು ಉಳಿಸಿದೆ. ಅಷ್ಟೇ. 17, 18, 19 ದಾಟಿ ಓಡಿತು, ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಈಗ ಚಕ್ ಫೋರ್ಸ್‌ಬರ್ಗ್ ಅವರ ಝಡ್‌ಮೋಡೆಮ್‌ಗೆ ಬಂದಿದ್ದೇನೆ (1986). ಅದು ಆ ಎರಡು ಬೈಟನ್ನು ವೇಷ ಹಾಕಿಸಿ ಕಳಿಸುತ್ತದೆ, ಮೊದಲೇ ಇದನ್ನು ಹಾಕಿದ್ದರೆ ಕಾರಣವೇ ತಿಳಿಯುತ್ತಿರಲಿಲ್ಲ. ನಡುವೆ ಲೈನ್ ಕಡಿದರೂ ನಿಂತಲ್ಲಿಂದಲೇ ಮುಂದುವರಿಸಬಹುದು. 640 ಕೆಬಿ ಜಿಪ್ ಮೂರು ನಿಮಿಷ ಚಿಲ್ಲರೆಯಲ್ಲಿ ಬಂತು, ಅನ್‌ಜಿಪ್ ಟೆಸ್ಟ್‌ನಲ್ಲಿ ಒಂದೂ ತಪ್ಪಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅದು. ಫಾಂಟ್ ಇಲ್ಲದಿದ್ದರೆ ಸುಮ್ನೆ ಗೀಚಿದ ಹಾಗೆ ಕಾಣುತ್ತದೆ, ಆದ್ದರಿಂದ ಫಾಂಟ್ ಫೈಲನ್ನೂ ತಂದೆ. ತೆರೆದರೆ ಮೊದಲ ಪುಟದಲ್ಲೇ ಕರ್ಣನ ಅರ್ಥ (ಆ ಪಾತ್ರದ ಮಾತು), ಅಪ್ಪ ಬರೆದಿಟ್ಟದ್ದು.

ಇನ್ನೂ 11 ಎಂಬಿ ಇದೆ. ಈ ವೇಗದಲ್ಲಿ ಒಂದು ಗಂಟೆ ಸಾಕು, ಶನಿವಾರ ಕೂರುತ್ತೇನೆ.