ಎಚ್ಚರವಿದ್ದೇ ಕಂಡ ಆಪರೇಷನ್

ತೋಟದ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿದಾಗ ನನ್ನ ಬಲಗೈ ಮುಷ್ಟಿ ಕಲ್ಲಿಗೆ ಬಡಿದು ನಡುಬೆರಳಿನ ಬುಡದ ಗೆಣ್ಣು ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಮೊದಲು ತೋರಿಸಿದಲ್ಲಿ ಉಳುಕು ಎಂದು ಮುಲಾಮು ಕೊಟ್ಟು ಕಳಿಸಿದರು. ಊತ ಇಳಿಯಿತು. ಆದರೆ ಬೆರಳು ಮಡಚಿದಾಗಲೆಲ್ಲ ಗೆಣ್ಣಿನ ಮೇಲೆ ಏನೋ ಟಕ್ಕೆಂದು ಕಿರುಬೆರಳಿನ ಕಡೆಗೆ ಜಾರುತ್ತಿತ್ತು. ಮಡಚಿದ ಬೆರಳು ತಾನಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಎಡಗೈಯಿಂದ ಎತ್ತಿ ನೆಟ್ಟಗೆ ಮಾಡಿದರೆ ಮಾತ್ರ ಹಾಗೇ ನಿಲ್ಲುತ್ತಿತ್ತು.

ನಮ್ಮ ಪೆರ್ಲದ ಆಚೀಚೆ ಮಳೆಗಾಲವೆಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ತಾಳಮದ್ದಳೆಯ ಕಾಲ. ನಾನು ಮದ್ದಳೆಗೆ ಕೂರುವವ. ಆ ಬೆರಳಿಲ್ಲದೆ ಕೂತೇನು ಮಾಡಲಿ?

ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ಕೈಯ ಸರ್ಜನರು ಬೆರಳು ಮಡಚಿಸಿ ನೋಡಿದ್ದೇ ಸಂಗತಿ ಹೇಳಿದರು. ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಗೆಣ್ಣಿನ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅದು ಸರಿಯದಂತೆ ಎರಡೂ ಬದಿಯಲ್ಲಿ ಸ್ಯಾಜಿಟಲ್ ಬ್ಯಾಂಡ್ ಎಂಬ ತೆಳ್ಳನೆಯ ಪಟ್ಟಿಗಳು ಹಿಡಿದಿರುತ್ತವೆ. ನನಗೆ ಹೆಬ್ಬೆರಳ ಕಡೆಯದು ಹರಿದಿತ್ತು. ಇದು ಎಕ್ಸ್‌ರೇಯಲ್ಲಿ ಕಾಣುವಂಥದ್ದಲ್ಲ. ಪೆಟ್ಟಾಗಿ ಎರಡು ಮೂರು ವಾರದೊಳಗಾದರೆ ಹೆಚ್ಚಾಗಿ ಬೆರಳು ಅಲುಗದಂತೆ ಹಿಡಿಯುವ ಸ್ಪ್ಲಿಂಟ್ ಕಟ್ಟಿಯೇ ಗುಣಪಡಿಸುತ್ತಾರಂತೆ. ಅದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಆಪರೇಷನ್ನಿಗೆ ಪೂರ್ತಿ ಮಂಪರು ಕೊಡಲಿಲ್ಲ. ಮರಗಟ್ಟಿಸುವ ಲಿಡೋಕೇನ್ ಜತೆ ಅಡ್ರಿನಲಿನ್ ಸೇರಿಸಿದ ಇಂಜೆಕ್ಷನ್ ಕೈಗಷ್ಟೇ. ಅಡ್ರಿನಲಿನ್‌ನಿಂದ ರಕ್ತ ಬರುವುದು ಕಡಿಮೆಯಾಗುತ್ತದೆ, ತೋಳಿಗೆ ಬಿಗಿದು ಕಟ್ಟಬೇಕಾಗಿಲ್ಲ. ನೋವು ತಿಳಿಯುವುದಿಲ್ಲ, ಬೆರಳು ಮಾತ್ರ ಆಡುತ್ತದೆ. ಹಳೆಯ ಪಟ್ಟಿ ಸುರುಟಿಕೊಂಡು ಹೊಲಿಗೆಗೆ ಸಿಗುವಂತಿರಲಿಲ್ಲ. ಅದೇ ರಜ್ಜುವಿನಿಂದ ಸಪೂರ ಎಳೆಯೊಂದನ್ನು ಬಿಡಿಸಿ, ಕೀಲಿನ ಪಕ್ಕದ ಲಿಗಮೆಂಟಿಗೆ ಸುತ್ತು ಹಾಕಿ ಹೊಲಿದರು. ಮುಗಿಸುವ ಮೊದಲು, "ಭಟ್ರೇ, ಮುಷ್ಟಿ ಕಟ್ಟಿ. ಈಗ ಬಿಡಿಸಿ ನೋಡುವಾ" ಎಂದರು.

ಮಡಚಿದೆ, ಬಿಡಿಸಿದೆ. ಟಕ್ಕೆನ್ನಲಿಲ್ಲ.

"ಚೂರು ಬಿಗಿ ಜಾಸ್ತಿಯಾಯ್ತು" ಎಂದು ಅವರೇ ಸಡಿಲಿಸಿ ಮತ್ತೆ ಮಡಚಿಸಿದರು. ನಾನು ಕತ್ತು ಎತ್ತಿ ನೋಡಿದೆ. ತೆರೆದ ಗಾಯದೊಳಗೆ ಬಿಳಿಯ ರಜ್ಜು ಗೆಣ್ಣಿನ ನಟ್ಟನಡುವೆ ನಿಂತು ಹಿಂದೆ ಮುಂದೆ ಹರಿಯುತ್ತಿತ್ತು, ನಾನು ಎಣಿಸಿದಂತೆಯೇ. ಹೆದರಿಕೆಯಾಗಲಿಲ್ಲ, ಕಣ್ಣು ತುಂಬಿ ಬಂತು.

ಆಮೇಲಿನದು ತಾಳ್ಮೆಯ ಕೆಲಸ. ಬುಡದ ಗೆಣ್ಣು ನೆಟ್ಟಗಿರುವಂತೆ ಸ್ಪ್ಲಿಂಟ್, ಮೇಲಿನ ಕೀಲುಗಳಿಗೆ ದಿನವೂ ವ್ಯಾಯಾಮ. ಮಜ್ಜಿಗೆ ಲೋಟ ಎತ್ತುವುದಕ್ಕೂ ಮೊದಮೊದಲು ಹೆಂಡತಿ ಬಿಡುತ್ತಿರಲಿಲ್ಲ. ಈಗ ಮನೆಯಲ್ಲಿ ಕೂತು ನಿಧಾನದ ತಾಳಗಳನ್ನು ನುಡಿಸುತ್ತೇನೆ. ವೇಗ ಹೆಚ್ಚಿದರೆ ಬೆರಳು ಇನ್ನೂ ಬಿಗಿಯುತ್ತದೆ. ಅದಕ್ಕೆ ಫಿಸಿಯೋಥೆರಪಿಯವರು ಹೊಸ ವ್ಯಾಯಾಮ ಕೊಟ್ಟಿದ್ದಾರೆ, ಮಾಡುತ್ತಿದ್ದೇನೆ.